ಮಕ್ಕಳ ಹೆಸರು ಕರೆದ ಕೋಡಂಗಿ

(ಕಾಸರಗೋಡು ಭಾಗದಲ್ಲಿ ನಡೆದ ಒಂದು ಮಕ್ಕಳ ಕೂಟದಲ್ಲಿ ಆಡಿದ ಮಾತು. ಕೇಳಿದ ಕೆಲವರು ಬರೆದು ಹಾಕಿ ಅಂದರು. ಹಾಗಾಗಿ ಇಲ್ಲಿ ಹಾಕಿದ್ದೇವೆ.)

ವೇದಿಕೆಯ ಹಿರಿಯರೇ, ಮಾಸ್ಟ್ರುಗಳೇ, ಟೀಚರುಗಳೇ, ಹೆತ್ತವರೇ, ಮುಂದಿನ ಸಾಲಿನಲ್ಲಿ ಕೂತು ಭಾಷಣ ಯಾವಾಗ ಮುಗೀತದೆ ಅಂತ ಕಾಯ್ತಾ ಇರುವ ಮಕ್ಕಳೇ,

ನಮಗೆ ಕೊಟ್ಟ ವಿಷಯ 'ಗಡಿನಾಡ ಮಕ್ಕಳು ಮತ್ತು ಕನ್ನಡ'. ಈ ವಿಷಯದಲ್ಲಿ ಭಾಷಣ ಮಾಡುವುದು ಕಷ್ಟ ಏನಲ್ಲ. 1956ರ ನವೆಂಬರ್ 1ರಿಂದ ಶುರು ಮಾಡಿ, 1967ರ ಮಹಾಜನ ವರದಿಗೆ ಬಂದು, ಚಂದ್ರಗಿರಿ ಹೊಳೆ ಬದಿಯಲ್ಲಿ ನಿಂತು ಒಂದು ನಿಟ್ಟುಸಿರು ಬಿಟ್ಟರೆ ಅರ್ಧ ಗಂಟೆ ಆಯಿತು. ಆ ಕಥೆಯನ್ನು ನಮ್ಮ ಹಿರಿಯರು ನಮಗಿಂತ ಚೆನ್ನಾಗಿ ಹೇಳಿದ್ದಾರೆ. ಹೋರಾಟದಲ್ಲಿ ಜೀವ ಸವೆಸಿ ಹೇಳಿದ್ದಾರೆ. ಇವತ್ತು ನಾವು ಬೇರೆ ಒಂದು ಕಥೆ ಹೇಳ್ತೇವೆ. ಅದು ಅಮೆರಿಕದ ಒಬ್ಬ ಜೋಕರನ ಕಥೆ. ಅಲ್ಲಿಂದ ತಿರುಗಿ ನಮ್ಮೂರಿಗೇ ಬರ್ತೇವೆ, ಹೆದರಬೇಡಿ.

ನಮ್ಮೊಟ್ಟಿಗೆ ಕಾಲೇಜಿನಲ್ಲಿ ಬಿ.ಕಾಂ. ಕಲಿತ ಗೆಳೆಯನೊಬ್ಬ ಈಗ ಸಿಯಾಟಲ್‌ನಲ್ಲಿ ಕೆಲಸಕ್ಕಿದ್ದಾನೆ. ಅಮೆರಿಕದ ವಾಯವ್ಯ ಮೂಲೆಯ ಊರು ಅದು, ಕೆನಡಾ ಗಡಿಗೆ ಹತ್ತಿರ. ಒಂದು ದಿನ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದ. ಅಲ್ಲಿಯ ಫ್ರೀಮಾಂಟ್ ಅನ್ನುವ ಕಡೆ, ರಸ್ತೆ ಬದಿಯಲ್ಲಿ ಜೋಡಿ ಪ್ರತಿಮೆ. ಒಬ್ಬ ತೇಪೆ ಹಾಕಿದ ಅಂಗಿಯ ಜೋಕರ್, ಇನ್ನೊಬ್ಬಳು ಹೆಂಗಸು. ಕೈಗೆ ಕೈ ಕೋದುಕೊಂಡು ಅವನು ಒಂದು ಕಡೆ, ಅವಳು ಇನ್ನೊಂದು ಕಡೆ ಎಳೀತಾ ಇರುವ ಹಾಗೆ. ಕೆಳಗೆ ಗೆಳೆಯ ಬರೆದಿದ್ದ: 'ಮಾರಾಯ, ಇಲ್ಲಿ ಜೋಕರನಿಗೂ ಪ್ರತಿಮೆ ಉಂಟು!'

ನಮ್ಮಲ್ಲಿ ಪ್ರತಿಮೆ ಬೇಕಾದರೆ ಒಂದೋ ಕವಿಯಾಗಬೇಕು, ಇಲ್ಲದಿದ್ದರೆ ಮಂತ್ರಿಯಾಗಬೇಕು. ಜೋಕರನಿಗೆ ಎಂತಕ್ಕೆ ಅಂತ ಕುತೂಹಲ ಆಯಿತು. ಓದಿದೆವು, ಸಿಕ್ಕಿದ ಹಳೇ ವಿಡಿಯೋ ತುಣುಕು ನೋಡಿದೆವು. ಓದ್ತಾ ಓದ್ತಾ ಇದು ಅವರ ಕಥೆ ಮಾತ್ರ ಅಲ್ಲ, ನಮಗೂ ಇದರಲ್ಲಿ ಒಂದು ಮಾತುಂಟು ಅಂತ ಅನಿಸಿತು.

ಅವನ ಹೆಸರು ಜೆ.ಪಿ. ಪ್ಯಾಚಸ್. ಪೂರ್ತಿ ಹೆಸರು ಜೂಲಿಯಸ್ ಪಿಯರ್‌ಪಾಂಟ್ ಪ್ಯಾಚಸ್. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಕೇಳಿದ ಕೂಡಲೇ ನಗು ಬರ್ತದೆ. ಅಮೆರಿಕದ ಮಹಾ ಬ್ಯಾಂಕರ್ ಜೆ.ಪಿ. ಮಾರ್ಗನ್ ಅವರ ಹೆಸರಿನಲ್ಲೂ ಇದೇ ಪಿಯರ್‌ಪಾಂಟ್ ಉಂಟು. ಪ್ಯಾಚಸ್ ಅಂದರೆ ತೇಪೆಗಳು. ದೊಡ್ಡ ಸಾಹುಕಾರನ ಹೆಸರು, ಮೈಮೇಲೆ ತೇಪೆಯ ಅಂಗಿ. ವಾಸ ಎಲ್ಲಿ? ಊರಿನ ಕಸ ಸುರಿಯುವ ಜಾಗದಲ್ಲಿ ಒಂದು ಗುಡಿಸಲು. 'ನಾನು ಈ ಕಸದ ಗುಡ್ಡೆಯ ಮೇಯರ್' ಅಂತ ಅವನೇ ಹೇಳಿಕೊಳ್ಳುತ್ತಿದ್ದ.

ಆ ವೇಷ ಹಾಕಿದವರು ಕ್ರಿಸ್ ವೀಡಸ್. ಅವರು ಮಿನಿಯಾಪೊಲಿಸ್‌ನಿಂದ ಸಿಯಾಟಲ್‌ಗೆ ಬಂದವರು. 1958ರ ಫೆಬ್ರವರಿಯಲ್ಲಿ ಕೈರೋ ಅನ್ನುವ ಸ್ಥಳೀಯ ಟೀವಿ ಕೇಂದ್ರ ಶುರುವಾಯಿತು, ಚಾನೆಲ್ ನಂಬರ್ 7. ಆ ಕೇಂದ್ರದ ಜೊತೆಯಲ್ಲೇ ಈ ಕಾರ್ಯಕ್ರಮವೂ ಹುಟ್ಟಿತು. ನಡೆದದ್ದು 1981ರ ಸೆಪ್ಟೆಂಬರ್ ತನಕ. ಇಪ್ಪತ್ತಮೂರು ವರ್ಷ! ಮೊದಲ ಹದಿಮೂರು ವರ್ಷ ವಾರದ ದಿನಗಳಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಶನಿವಾರವೂ ಉಂಟು. ಶುರುವಾದಾಗ ಐದು ವರ್ಷದ ಮಗು, ಮುಗಿಯುವಾಗ ಇಪ್ಪತ್ತೆಂಟು ವರ್ಷದ ತಾಯಿ. ಅವಳ ಮಗುವೂ ಅದನ್ನೇ ನೋಡ್ತಾ ಇತ್ತು.

ಈಗ ವಿಶೇಷ ಕೇಳಿ. ಇದಕ್ಕೆ ಬರೆದ ಮಾತು ಇರಲಿಲ್ಲ. ರಿಹರ್ಸಲ್ ಇಲ್ಲ. ಎಲ್ಲವೂ ನೇರಪ್ರಸಾರ. ನಮಗೆ ಇದು ಹೊಸತಲ್ಲ. ನಮ್ಮ ಯಕ್ಷಗಾನದ ಹಾಸ್ಯಗಾರನೂ ಹಾಗೆಯೇ ಅಲ್ವಾ? ಪ್ರಸಂಗ ಗೊತ್ತು, ಪದ ಭಾಗವತರದ್ದು, ಮಾತು ಮಾತ್ರ ಆ ರಾತ್ರಿ ಆ ರಂಗಸ್ಥಳದಲ್ಲೇ ಹುಟ್ಟಬೇಕು. ವೀಡಸ್ ಅವರ ಜೊತೆಗಾರ ಬಾಬ್ ನ್ಯೂಮನ್ ಅಂತ. ಒಬ್ಬರೇ ಹಲವಾರು ವೇಷ ಕಟ್ಟುತ್ತಿದ್ದರು. ಕಸದ ಗುಡ್ಡೆಯ ಟೆಲಿಫೋನ್ ಆಪರೇಟರ್ ಗರ್ಟ್ರೂಡ್ ಅವರೇ, ಅಂದರೆ ಸ್ತ್ರೀವೇಷ. ನಾವು ಫೋಟೋದಲ್ಲಿ ನೋಡಿದ ಹೆಂಗಸು ಇವಳೇ. ಖಳನಾಯಕ ಬೋರಿಸ್ ಎಸ್. ವಾರ್ಟ್ ಕೂಡಾ ನ್ಯೂಮನ್ ಅವರೇ. ಅವನ ಬಿರುದು 'ಪ್ರಪಂಚದ ಎರಡನೇ ಮಹಾ ದುಷ್ಟ'. ಮೊದಲನೇ ದುಷ್ಟ ಯಾರು ಅಂತ ಮಕ್ಕಳು ಮನೆಗೆ ಹೋಗಿ ಜಗಳ ಮಾಡಿರಬೇಕು.

ಆದರೆ ಮಕ್ಕಳನ್ನು ಹಿಡಿದದ್ದು ಇದ್ಯಾವುದೂ ಅಲ್ಲ. ಅಲ್ಲಿ ಒಂದು ವಸ್ತು ಇತ್ತು, ಹೆಸರು 'ಐಸಿಯುಟು ಟೀವಿ'. ಆ ಇಂಗ್ಲಿಷ್ ಅಕ್ಷರಗಳನ್ನು ಬೇಗ ಬೇಗ ಓದಿದರೆ 'ನಾನೂ ನಿನ್ನನ್ನು ನೋಡ್ತಾ ಇದ್ದೇನೆ' ಅಂತ ಕೇಳ್ತದೆ. ಟೀವಿಯ ಚೌಕಟ್ಟಿನ ಹಾಗೆ ಮಾಡಿದ ಒಂದು ಆಟದ ಪೆಟ್ಟಿಗೆ, ಅಷ್ಟೇ. ಜೆ.ಪಿ. ಅದರ ಹಿಂದೆ ನಿಂತು ಕ್ಯಾಮರಾದ ಕಡೆಗೆ ಇಣುಕುತ್ತಿದ್ದ. ಇಣುಕಿ, ಮನೆಯಲ್ಲಿ ಕೂತ ಮಗುವನ್ನು ಹೆಸರು ಹಿಡಿದು ಕರೆಯುತ್ತಿದ್ದ. ಇವತ್ತು ನಿನ್ನ ಹುಟ್ಟುಹಬ್ಬ ಅಲ್ವಾ, ಉಡುಗೊರೆ ಇಂಥ ಕಡೆ ಅಡಗಿಸಿ ಇಟ್ಟಿದ್ದಾರೆ ನೋಡು ಅನ್ನುತ್ತಿದ್ದ. ಮಗು ಓಡಿ ಹೋಗಿ ನೋಡಿದರೆ ಉಡುಗೊರೆ ಅಲ್ಲೇ ಉಂಟು! ಗುಟ್ಟು ಏನೂ ಇಲ್ಲ, ಅಪ್ಪ ಅಮ್ಮ ಮೊದಲೇ ಕಾಗದ ಬರೆದು ತಿಳಿಸಿರುತ್ತಿದ್ದರು. ಆದರೆ ಆ ಮಗುವಿಗೆ ಅದೊಂದು ಪವಾಡ. ಟೀವಿಯವನಿಗೆ ನನ್ನ ಹೆಸರು ಗೊತ್ತು, ನನ್ನ ಮನೆ ಗೊತ್ತು, ನಾನು ಇದ್ದೇನೆ ಅಂತ ಗೊತ್ತು.

ಕಾರ್ಯಕ್ರಮ ಜೋರಾಗಿದ್ದ ಕಾಲದಲ್ಲಿ ಲಕ್ಷಕ್ಕೂ ಮೇಲೆ ಜನ ನೋಡುತ್ತಿದ್ದರಂತೆ. ಅವರಿಗೆ 'ಪ್ಯಾಚಸ್ ಪಾಲ್ಸ್' ಅಂತ ಹೆಸರು, ಅಂದರೆ ಪ್ಯಾಚಸ್‌ನ ಚಡ್ಡಿದೋಸ್ತರು. ನಮಗೆ ಇಷ್ಟವಾದ ಇನ್ನೊಂದು ಸಂಗತಿ: ಟೀವಿಯ ಅಲೆ ಗಡಿ ಕೇಳುವುದಿಲ್ಲ. ಅಮೆರಿಕದ ಆ ಜೋಕರನನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಮಕ್ಕಳೂ ನೋಡುತ್ತಿದ್ದರು. ಮಂಗಳೂರು ಆಕಾಶವಾಣಿಯನ್ನು ಕುಂಬಳೆಯಲ್ಲಿ, ಬದಿಯಡ್ಕದಲ್ಲಿ ಕೂತು ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಕ್ಷೆಯಲ್ಲಿ ಗೆರೆ ಎಳೆದವರು ರೇಡಿಯೋಕ್ಕೆ ಗೆರೆ ಎಳೆಯಲಿಲ್ಲ.

ಅಮೆರಿಕದಲ್ಲಿ ಇಂಥ ಜೋಕರ್ ಇವನೊಬ್ಬನೇ ಅಲ್ಲ. ನಿಮ್ಮಲ್ಲಿ ಕೆಲವರು ಬೋಝೋ ಅನ್ನುವ ಹೆಸರು ಕೇಳಿರಬಹುದು. 1946ರಲ್ಲಿ ಕ್ಯಾಪಿಟಲ್ ರೆಕಾರ್ಡ್ಸ್ ಕಂಪನಿಗಾಗಿ ಅಲನ್ ಲಿವಿಂಗ್‌ಸ್ಟನ್ ಹುಟ್ಟಿಸಿದ ಪಾತ್ರ ಅದು, ಮೊದಲು ಮಕ್ಕಳ ಗ್ರಾಮಫೋನ್ ತಟ್ಟೆಯಲ್ಲಿ ಬಂದದ್ದು. ಆಮೇಲೆ ಲ್ಯಾರಿ ಹಾರ್ಮನ್ ಅನ್ನುವವರು ಹಕ್ಕು ಕೊಂಡು ಊರೂರಿನ ಟೀವಿ ಕೇಂದ್ರಗಳಿಗೆ ಬಾಡಿಗೆ ಕೊಟ್ಟರು. ಇಲ್ಲಿ ಒಂದು ಸೂಕ್ಷ್ಮ ನೋಡಿ. ಶುರುವಿನಲ್ಲಿ ಒಬ್ಬನನ್ನೇ ದೇಶಕ್ಕೆಲ್ಲ ತೋರಿಸಲಿಲ್ಲ. ಹೆಸರು ಒಂದೇ, ಕೆಂಪು ಕೂದಲೂ ಒಂದೇ, ಆದರೆ ಬಾಸ್ಟನ್‌ಗೆ ಒಬ್ಬ ಬೋಝೋ, ವಾಷಿಂಗ್ಟನ್‌ಗೆ ಒಬ್ಬ, ಶಿಕಾಗೋಗೆ ಒಬ್ಬ. ಶಿಕಾಗೋದ್ದು 1961ರಿಂದ 2001ರ ತನಕ ನಡೆಯಿತು. ಸ್ಟುಡಿಯೋದಲ್ಲಿ ಕೂತು ನೋಡಲು ಟಿಕೆಟಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ದುಡ್ಡಿನ ಲೆಕ್ಕ ಹಾಕುವ ಆ ದೇಶದ ವ್ಯಾಪಾರಿಗೂ ಒಂದು ಗೊತ್ತಿತ್ತು: ಮಗುವಿಗೆ ತನ್ನ ಊರಿನವನೇ ಬೇಕು.

ಹಾಗಾದರೆ ಇದೆಲ್ಲ ಯಾಕೆ ನಿಂತಿತು? ಜೆ.ಪಿ.ಯಂಥವರು ಊರೂರಿನಲ್ಲಿ ಯಾಕೆ ಇಲ್ಲವಾದರು? ಇದನ್ನು ನಾವು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಯಾರೂ ದ್ವೇಷ ಕಟ್ಟಿಕೊಂಡು ಇದನ್ನು ಮುಚ್ಚಲಿಲ್ಲ.

ಆ ಕಾಲದಲ್ಲಿ ಕಾರ್ಯಕ್ರಮ ನಡೆಸುವವನೇ ಜಾಹೀರಾತನ್ನೂ ಹೇಳುವ ಪದ್ಧತಿ ಇತ್ತು. ಮಕ್ಕಳು ನಂಬುವ ಮನುಷ್ಯನೇ 'ಇದನ್ನು ತಿನ್ನಿ, ಅದನ್ನು ಕೊಳ್ಳಿ' ಅನ್ನುವುದು ಸರಿಯಾ? ಸರಿ ಅಲ್ಲ ಅಂತ ತಾಯಂದಿರು ಎದ್ದರು. 1968ರಲ್ಲಿ ಬಾಸ್ಟನ್ ಕಡೆ ಪೆಗ್ಗಿ ಚಾರೆನ್ ಮತ್ತಿತರರು ಸೇರಿ ಒಂದು ಸಂಘಟನೆ ಕಟ್ಟಿದರು. ಅವರ ಒತ್ತಾಯದಿಂದ 1970ರ ದಶಕದ ಮೊದಲಲ್ಲಿ ನಿಯಮ ಬಿಗಿಯಾಯಿತು, ನಿರೂಪಕ ಜಾಹೀರಾತು ಹೇಳುವ ಹಾಗಿಲ್ಲ ಅಂತ. ಅವರು ಕೇಳಿದ್ದು ನ್ಯಾಯವೇ. ಆದರೆ ಸ್ಥಳೀಯ ಕಾರ್ಯಕ್ರಮಗಳಿಗೆ ಬರುತ್ತಿದ್ದ ಹಣದ ಒಂದು ದಾರಿ ಅದರಿಂದ ಮುಚ್ಚಿತು. ಅದೇ ಹೊತ್ತಿಗೆ ಬೇರೆ ಕಡೆ ಮಾಡಿಟ್ಟ ಕಾರ್ಟೂನುಗಳು ಎಲ್ಲಾ ಊರಿನ ಕೇಂದ್ರಗಳಿಗೂ ಸಿಗತೊಡಗಿದವು. ಇಬ್ಬರು ಮನುಷ್ಯರಿಗೆ, ಒಂದು ಸ್ಟುಡಿಯೋಕ್ಕೆ ದಿನಾ ಖರ್ಚು ಮಾಡುವುದಕ್ಕಿಂತ ತಂದ ಟೇಪು ಹಾಕುವುದು ಸಲೀಸು. ಕೇಂದ್ರದವರು ಲೆಕ್ಕ ನೋಡಿದರು. ಲೆಕ್ಕ ಸರಿಯೇ ಇತ್ತು. ದಿನಕ್ಕೆ ಎರಡು ಸಲ ಇದ್ದ ಜೆ.ಪಿ. ಕಡಿಮೆಯಾಗುತ್ತಾ ಬಂದು ಕೊನೆಗೆ ನಿಂತ.

ನಾವು ಕಾಮರ್ಸ್ ಓದಿದವರು, ಲೆಕ್ಕವನ್ನು ಬೈಯುವುದಿಲ್ಲ. ಆದರೆ ಆ ಖಾತೆ ಪುಸ್ತಕದಲ್ಲಿ ಒಂದು ಕಾಲಂ ಇರಲಿಲ್ಲ. 'ಈ ಊರಿನ ಮಗುವನ್ನು ಹೆಸರು ಹಿಡಿದು ಕರೆಯುವವರು ಯಾರು' ಅನ್ನುವ ಕಾಲಂ.

ಕಾರ್ಯಕ್ರಮ ನಿಂತ ಮೇಲೂ ಜನ ಅವನನ್ನು ಬಿಡಲಿಲ್ಲ. ವೀಡಸ್ ವಯಸ್ಸಾದ ಮೇಲೂ ಮೂಗಿಗೆ ಬಣ್ಣ ಹಚ್ಚಿ ಜಾತ್ರೆ, ಆಸ್ಪತ್ರೆ, ಸಮಾರಂಭ ಅಂತ ಹೋಗುತ್ತಿದ್ದರು, 2011ರ ತನಕ. 2008ರಲ್ಲಿ ಫ್ರೀಮಾಂಟ್‌ನಲ್ಲಿ ಆ ಪ್ರತಿಮೆ ನಿಂತದ್ದು ಅಭಿಮಾನಿಗಳು ಕೂಡಿಸಿದ ಹಣದಿಂದ. ಮಾಡಿದವರು ಕೆವಿನ್ ಪೆಟೆಲ್ ಅನ್ನುವ ಶಿಲ್ಪಿ. ಕೊಟ್ಟವರು ಐವತ್ತು ದಾಟಿದ ಹಳೇ ಮಕ್ಕಳು. 2012ರ ಜುಲೈಯಲ್ಲಿ 84ನೇ ವಯಸ್ಸಿನಲ್ಲಿ ವೀಡಸ್ ತೀರಿಕೊಂಡಾಗ ಊರಿಗೆ ಊರೇ ತಮ್ಮ ಮನೆಯವರು ಹೋದ ಹಾಗೆ ಬೇಸರಪಟ್ಟಿತು. ಒಮ್ಮೆ ಹೆಸರು ಕರೆದವನನ್ನು ಮಗು ಮರೆಯುವುದಿಲ್ಲ.

ಈಗ ನಮ್ಮೂರಿಗೆ ಬರುವಾ.

ಒಂದು ದಿನ ನಮ್ಮ ಕೌಂಟರಿಗೆ ಒಬ್ಬರು ಅಜ್ಜಿ ಮೊಮ್ಮಗನನ್ನು ಕರಕೊಂಡು ಬಂದರು. ಮಗುವಿನ ಹೆಸರಲ್ಲಿ ಖಾತೆ ತೆರೆಯಲಿಕ್ಕೆ. ಅಜ್ಜಿ ಕನ್ನಡದಲ್ಲಿ ಚಂದಕ್ಕೆ ರುಜು ಹಾಕಿದರು. ಹುಡುಗನಿಗೆ ಆರೋ ಏಳೋ ವರ್ಷ, ಕೈಯಲ್ಲಿ ಮೊಬೈಲು, ಅದರಲ್ಲಿ ಹಿಂದಿ ಕಾರ್ಟೂನು. ನಾವು ಸುಮ್ಮನೆ ಮಾತಾಡಿಸಲಿಕ್ಕೆ 'ನಿಂಗೆ ಕನ್ನಡ ಬರ್ತದಾ ಪುಟ್ಟ?' ಅಂತ ಕೇಳಿದೆವು. ಅವನು ಮೊಬೈಲಿನಿಂದ ಕಣ್ಣು ತೆಗೆಯದೆ 'ಅದು ಅಜ್ಜಿ ಭಾಷೆ' ಅಂದ. ಕನ್ನಡದಲ್ಲೇ ಅಂದ! ಅಜ್ಜಿ ನಕ್ಕರು. ನಾವೂ ನಕ್ಕೆವು. ರಾತ್ರಿ ಮನೆಗೆ ಹೋದ ಮೇಲೆ ನಗು ಬರಲಿಲ್ಲ.

ಹುಡುಗನ ತಪ್ಪು ಏನೂ ಇಲ್ಲ. ಅವನ ಲೋಕವನ್ನು ಒಮ್ಮೆ ನೋಡಿ. ಆಟದ ಬಯಲಲ್ಲಿ ಮಲಯಾಳ, ಅದು ನೆರೆಯವರ ಭಾಷೆ, ಕಲಿಯಲೇ ಬೇಕು, ಅದರ ಮೇಲೆ ನಮಗೆ ಸಿಟ್ಟಿಲ್ಲ. ಶಾಲೆಯಲ್ಲಿ ಇಂಗ್ಲಿಷ್. ಕಾರ್ಟೂನಿನಲ್ಲಿ ಹಿಂದಿ. ಮನೆಯಲ್ಲಿ ತುಳುವೋ, ಹವ್ಯಕವೋ, ಕೊಂಕಣಿಯೋ, ಬ್ಯಾರಿಯೋ. ಬಸ್ಸಿನ ಬೋರ್ಡಿನಲ್ಲಿ ಮಂಜೇಶ್ವರ ಹೋಗಿ 'ಮಂಜೇಶ್ವರಂ'. ಕನ್ನಡ ಎಲ್ಲಿ ಕೇಳ್ತದೆ? ಅಜ್ಜಿಯ ಬಾಯಲ್ಲಿ, ದೇವಸ್ಥಾನದ ಆಮಂತ್ರಣದಲ್ಲಿ, ನಮ್ಮಂಥವರ ಭಾಷಣದಲ್ಲಿ. ಅಂದರೆ ಮಗುವಿನ ಮಟ್ಟಿಗೆ ಕನ್ನಡ ಅಂದರೆ ದೊಡ್ಡವರು ಗಂಭೀರವಾಗಿ ಇರುವಾಗ ಆಡುವ ಭಾಷೆ. ಕನ್ನಡದಲ್ಲಿ ಅವನನ್ನು ಯಾರೂ ಬಿದ್ದು ಬಿದ್ದು ನಗಿಸಿಲ್ಲ.

ಕನ್ನಡದಲ್ಲಿ ಮಕ್ಕಳ ಟೀವಿ ಇಲ್ಲವಾ ಅಂತ ನೀವು ಕೇಳಬಹುದು. ಉಂಟು. ಚಿಂಟು ಟೀವಿ 2009ರಿಂದ ಉಂಟು. ಬಂದದ್ದು ಒಳ್ಳೆಯದೇ ಆಯಿತು. ಆದರೆ ಅಲ್ಲಿ ಹೆಚ್ಚಿನದ್ದು ಬೇರೆ ಭಾಷೆಯಿಂದ ಕನ್ನಡಕ್ಕೆ ದನಿ ಕೊಟ್ಟದ್ದು. ಆ ಕನ್ನಡದಲ್ಲಿ ಪೈವಳಿಕೆ ಇಲ್ಲ, ಅಡೂರು ಇಲ್ಲ, ನೀರ್ಚಾಲು ಇಲ್ಲ. ತಾಳವಾಡಿಯೂ ಇಲ್ಲ, ಅಕ್ಕಲಕೋಟೆಯೂ ಇಲ್ಲ, ಮಡಕಶಿರಾವೂ ಇಲ್ಲ. 2018ರಲ್ಲಿ ರಿಷಬ್ ಶೆಟ್ಟಿ ಅವರ 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು' ಸಿನಿಮಾ ಬಂದಾಗ ನಮ್ಮ ಮಕ್ಕಳು ಎಷ್ಟು ಕುಣಿದರು ನೆನಪುಂಟಾ? ತೆರೆಯ ಮೇಲೆ ತಮ್ಮ ಊರಿನ ಹೆಸರು, ತಮ್ಮ ಹಾಗಿನ ಶಾಲೆ. ಆದರೆ ಅದು ಒಂದು ಸಿನಿಮಾ. ಎರಡೂವರೆ ಗಂಟೆಯಲ್ಲಿ ಮುಗಿಯಿತು. ಮಗು ಮರುದಿನ ಬೆಳಿಗ್ಗೆಯೂ ಏಳ್ತದೆ, ಅದರ ಮರುದಿನವೂ ಏಳ್ತದೆ. ಜೆ.ಪಿ. ಗೆದ್ದದ್ದು ಅಲ್ಲಿ. ಅವನು ಮರುದಿನವೂ ಇರುತ್ತಿದ್ದ.

ನಮಗೆ ಕೋಡಂಗಿ ಇಲ್ಲವಾ? ಪಾರ್ತಿಸುಬ್ಬನ ಕುಂಬಳೆ ಇದು. ಯಕ್ಷಗಾನದ ಪೂರ್ವರಂಗ ಶುರುವಾಗುವುದೇ ಕೋಡಂಗಿಯಿಂದ. ಮೇಳಕ್ಕೆ ಹೊಸತಾಗಿ ಸೇರಿದ ಹುಡುಗನಿಗೆ ಮೊದಲು ಸಿಗುವ ವೇಷವೇ ಅದು. ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದಂಥ ತಂಡ ನಮ್ಮ ಕಾಸರಗೋಡಿನಲ್ಲೇ ಉಂಟು. ರಾಯದುರ್ಗ, ಆದೋನಿ ಕಡೆಯವರೂ ನಮ್ಮ ಈ ಪುಟ ಓದ್ತಾರೆ. ಬಯಲಾಟದ ಸಾರಥಿ ಎಷ್ಟು ನಗಿಸ್ತಾನೆ ಅಂತ ಅವರನ್ನು ಕೇಳಿ. ಬಣ್ಣ ನಮ್ಮಲ್ಲಿ ಉಂಟು, ಬಾಯಿ ಉಂಟು. ಇಲ್ಲದ್ದು ಒಂದೇ, ದಿನ ತಪ್ಪದೆ ಬಂದು ನಮ್ಮ ಮಗುವಿನ ಹೆಸರು ಕರೆಯುವವನು.

ಆದ್ದರಿಂದ ನಮ್ಮದೊಂದು ಸಣ್ಣ ಪ್ರಸ್ತಾಪ. ಟೀವಿ ಕೇಂದ್ರ ಬೇಡ, ಅನುದಾನಕ್ಕೆ ಅರ್ಜಿ ಬೇಡ. ವಾರಕ್ಕೆ ಹತ್ತು ನಿಮಿಷದ ಒಂದು ವಿಡಿಯೋ. ಒಂದು ಮೊಬೈಲು, ಒಂದು ಸ್ಟ್ಯಾಂಡು, ಅಂಗಿಗೆ ಸಿಕ್ಕಿಸುವ ಒಂದು ಮೈಕು. ಒಬ್ಬ ಕೋಡಂಗಿ. ಅವನು ಮಧೂರಿನಲ್ಲಿ ಬಸ್ಸು ತಪ್ಪಿಸಿಕೊಳ್ಳಲಿ, ಮುಳ್ಳೇರಿಯ ಪೇಟೆಯಲ್ಲಿ ಕೊಡೆ ಕಳೆದುಕೊಳ್ಳಲಿ, ಅಡಿಕೆ ಒಣಗಿಸಿದ ಅಂಗಳದಲ್ಲಿ ಜಾರಿ ಬೀಳಲಿ. ಒಂದು ಒಗಟು ಹೇಳಲಿ. ಕೊನೆಗೆ ಆ ವಾರ ಹುಟ್ಟುಹಬ್ಬ ಇರುವ ಮಕ್ಕಳ ಹೆಸರನ್ನು ಒಂದೊಂದಾಗಿ ಕರೆಯಲಿ. ಕನ್ನಡ ಮೀಡಿಯಂ ಮಕ್ಕಳು ಮಾತ್ರ ಅಲ್ಲ, ಮನೆಯಲ್ಲಿ ಬ್ಯಾರಿ ಆಡುವ ಮಗು, ಕೊಂಕಣಿ ಆಡುವ ಮಗು, ಇಂಗ್ಲಿಷ್ ಮೀಡಿಯಂಗೆ ಹೋಗುವ ಮಗು, ಎಲ್ಲರೂ. ಕನ್ನಡ ಇವರೆಲ್ಲರನ್ನೂ ಸೇರಿಸಿದರೆ ಮಾತ್ರ ಇಲ್ಲಿ ಉಳಿಯುವುದು.

ಎರಡು ಎಚ್ಚರಿಕೆ. ಜೆ.ಪಿ.ಯ ಕಾಲ ಬೇರೆ, ನಮ್ಮ ಕಾಲ ಬೇರೆ. ಮಗುವಿನ ಹೆಸರು ಮತ್ತು ಊರು, ಅಷ್ಟೇ ಸಾಕು. ಮನೆ, ಶಾಲೆ, ಫೋಟೋ ಯಾವುದೂ ಬೇಡ, ಹೆತ್ತವರ ಒಪ್ಪಿಗೆ ಇಲ್ಲದೆ ಹೆಸರೂ ಬೇಡ. ಇನ್ನೊಂದು, ಕೋಡಂಗಿ ಯಾವುದನ್ನೂ ಮಾರಬಾರದು. ಬಿಸ್ಕೆಟೂ ಬೇಡ, ಪಕ್ಷವೂ ಬೇಡ, ಸಂಘಟನೆಯೂ ಬೇಡ. ಮಗು ನಂಬಿದವನ ಬಾಯಲ್ಲಿ ವ್ಯಾಪಾರ ಸಲ್ಲದು ಅಂತ ಬಾಸ್ಟನ್‌ನ ಆ ತಾಯಂದಿರು ಹೇಳಿದ್ದು ನಮಗೂ ಸಲ್ಲುವ ಮಾತು.

ಇದರಿಂದ ಕನ್ನಡ ಶಾಲೆ ಉಳೀತದಾ? ಕನ್ನಡ ಗೊತ್ತಿಲ್ಲದ ಟೀಚರನ್ನು ಕನ್ನಡ ತರಗತಿಗೆ ಹಾಕುವುದು ನಿಲ್ತದಾ? ಇಲ್ಲ. ಅದಕ್ಕೆ ಅರ್ಜಿ ಬೇಕು, ಕೋರ್ಟು ಬೇಕು, ರಸ್ತೆಗೆ ಇಳಿಯುವುದೂ ಬೇಕು. ಹಿರಿಯರು ಮಾಡ್ತಾ ಇದ್ದಾರೆ, ನಾವು ಅವರ ಬೆನ್ನಿಗಿದ್ದೇವೆ. ಆದರೆ ಹಕ್ಕು ಗೆದ್ದು ತಂದು ಇಡುವಾಗ ಅದನ್ನು ಬೇಕು ಅನ್ನುವ ಮಗು ಇರಬೇಕಲ್ಲ? ಶಾಲೆ ಉಳಿಸಿ, ಒಳಗೆ ಬರುವ ಮಗುವಿಗೆ ಕನ್ನಡ 'ಅಜ್ಜಿ ಭಾಷೆ' ಆಗಿಬಿಟ್ಟಿದ್ದರೆ ಎಂತ ಮಾಡುವುದು?

ಬ್ಯಾಂಕಿನಲ್ಲಿ ಆರ್‌ಡಿ ಅಂತ ಒಂದು ಖಾತೆ ಉಂಟು, ನಿಮಗೆಲ್ಲ ಗೊತ್ತು. ತಿಂಗಳು ತಿಂಗಳು ಸಣ್ಣ ಮೊತ್ತ, ತಪ್ಪದೆ. ದೊಡ್ಡ ಮೊತ್ತ ಇಲ್ಲದವರಿಗಾಗಿಯೇ ಇರುವುದು ಅದು. ನಾವು ಕನ್ನಡಕ್ಕೆ ಹೆಚ್ಚಾಗಿ ಮಾಡುವುದು ನವೆಂಬರ್ ತಿಂಗಳ ಒಂದು ದೊಡ್ಡ ಖರ್ಚು: ಪೆಂಡಾಲು, ಮೈಕು, ಶಾಲು. ಉಳಿದ ಹನ್ನೊಂದು ತಿಂಗಳು ಕಂತು ಕಟ್ಟುವುದಿಲ್ಲ. ಮಕ್ಕಳ ವಿಷಯದಲ್ಲಿ ಆರ್‌ಡಿ ಶುರು ಮಾಡುವಾ ಅಂತ ನಮ್ಮ ಕೋರಿಕೆ. ಹೊಸೂರಿನವರು ಅವರದ್ದು ಮಾಡಲಿ, ಜತ್ತದವರು ಅವರದ್ದು. ಊರಿಗೊಂದು ಕೋಡಂಗಿ ಇರಲಿ, ಆ ಊರಿನ ಕನ್ನಡದಲ್ಲೇ ಮಾತಾಡಲಿ. ಒಂದೇ ಶರತ್ತು, ವಾರ ತಪ್ಪಬಾರದು.

ವೇಷ ಕಟ್ಟಲಿಕ್ಕೆ ಯಾರೂ ಸಿಗದಿದ್ದರೆ ಮೊದಲ ನಾಲ್ಕು ವಾರ ನಾವೇ ಕಟ್ತೇವೆ. ಬ್ಯಾಂಕಿನವರು ಬಣ್ಣ ಹಚ್ಚಿದರೆ ಹೇಗೆ ಕಾಣ್ತಾರೆ ಅಂತ ನೋಡಿಯಾದರೂ ಮಕ್ಕಳು ನಗಲಿ.

ಮಕ್ಕಳೇ, ಭಾಷಣ ಮುಗಿಯಿತು. ಈಗ ಕೊನೆಗೆ ನಿಮಗೇ ಒಂದು ಪ್ರಶ್ನೆ. ಈ ವಾರ ಹುಟ್ಟುಹಬ್ಬ ಇರುವವರು ಯಾರೆಲ್ಲ ಇದ್ದೀರಿ? ಕೈ ಎತ್ತಿ. ನಾಚಬೇಡಿ, ಎತ್ತಿ.

ಹಾಂ, ನೀನು. ನಿನ್ನ ಹೆಸರೆಂತ ಪುಟ್ಟ?